ಅತ್ತೆ ಮೊದಲ ಬಾರಿ ಬೆಟ್ಟದ ಮೇಲೆ ಮಲಗಿದ ರಾತ್ರಿ

ಹಬ್ಬ ಮುಗಿದ ಮೇಲೆ ಬಂಧುಗಳೆಲ್ಲ ಸೇರಿ ಎಲ್ಲಿಗೆ ಹೋಗುವುದು ಎಂಬ ಮಾತು ಎದ್ದಾಗ ಮನೆಯ ಹುಡುಗರೆಲ್ಲ ಸಮುದ್ರವೇ ಬೇಕು ಎಂದರು. ಕಡಲ ದಂಡೆಯ ರೆಸಾರ್ಟುಗಳ ಚಿತ್ರಗಳನ್ನು ಮೊಬೈಲಿನಲ್ಲಿ ಸರಿಸಿ ಸರಿಸಿ ಹಿರಿಯರಿಗೆ ತೋರಿಸಿದರು. ದೊಡ್ಡಮ್ಮನಿಗೆ ಮಂಡಿನೋವು. "ಮರಳಲ್ಲಿ ನನ್ನ ಕಾಲು ಹೂತುಕೊಳ್ತದೆ, ನಾನು ರೂಮಲ್ಲೇ ಕೂತಿರಬೇಕಾಗ್ತದೆ" ಎಂದರು. ತಮಿಳುನಾಡಿನ ಬೋಡಿನಾಯಕನೂರಿನವರಾದ ನಮಗೆ ಕಡಲೂ ಬೆಟ್ಟವೂ ಒಂದೇ ದಾರಿಯ ಎರಡು ದಿಕ್ಕು. ಹಿಂದೆ 49 ಎಂಬ ಸಂಖ್ಯೆಯಿದ್ದ ಹೆದ್ದಾರಿ ಕೊಚ್ಚಿಯಿಂದ ಹೊರಟು, ಮುನ್ನಾರ್ ದಾಟಿ, ಬೋಡಿಮೆಟ್ಟು ಇಳಿದು, ನಮ್ಮೂರು ಹಾದು, ಮಧುರೆಯ ಮೇಲೆ ಧನುಷ್ಕೋಡಿಯವರೆಗೆ ಹೋಗುತ್ತಿತ್ತು. ನಮ್ಮ ಭಾಗಕ್ಕೆ ಈಗ 85 ಎಂಬ ಸಂಖ್ಯೆ. ಪೂರ್ವಕ್ಕೆ ತಿರುಗಿದರೆ ಸಮುದ್ರಕ್ಕೆ ಅರ್ಧ ದಿನದ ಹಾದಿ, ಪಶ್ಚಿಮಕ್ಕೆ ತಿರುಗಿದರೆ ಒಂದು ಗಂಟೆಯಲ್ಲಿ ಬೆಟ್ಟದ ನೆತ್ತಿ.

ಕೊನೆಗೆ ತೀರ್ಮಾನಿಸಿದ್ದು ಅತ್ತೆ. "ಆ ಬೆಟ್ಟ ನಾನು ದಿನಾ ಹತ್ತಿ ಇಳಿದಿದೀನಿ. ಒಂದು ರಾತ್ರಿನೂ ಅಲ್ಲಿ ಮಲಗಿಲ್ಲ" ಎಂದರು. ಆಮೇಲೆ ಯಾರೂ ಸಮುದ್ರದ ಮಾತೆತ್ತಲಿಲ್ಲ.

ಅತ್ತೆ ವರ್ಷಗಟ್ಟಲೆ ಏಲಕ್ಕಿ ತೋಟಕ್ಕೆ ಕೂಲಿಗೆ ಹೋದವರು. ಬೋಡಿ, ಕಂಬಂ, ಉತ್ತಮಪಾಳ್ಯಂ ಸುತ್ತಿನ ಊರುಗಳಿಂದ ಕೇರಳದ ಇಡುಕ್ಕಿಯ ತೋಟಗಳಿಗೆ ಬೆಳಕು ಹರಿಯುವ ಮೊದಲೇ ಜೀಪುಗಳು ಹೊರಡುತ್ತವೆ. ಒಂದೊಂದು ಜೀಪಿನಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಜನ, ಅದರಲ್ಲೂ ಹೆಂಗಸರೇ ಹೆಚ್ಚು. ಸಂಜೆ ಅದೇ ಜೀಪಿನಲ್ಲಿ ಇಳಿದು ಬಂದು ಮನೆಯ ಒಲೆ ಹೊತ್ತಿಸಬೇಕು. ಏಲಕ್ಕಿ ಗೊಂಚಲು ಗಿಡದ ಬುಡದಿಂದ ನೆಲಕ್ಕೆ ಹರಡಿಕೊಂಡು ಬರುವುದರಿಂದ ಬಗ್ಗಿ, ಕುಕ್ಕರಗಾಲಲ್ಲಿ ಕೂತು ಬಿಡಿಸಬೇಕು. ಬೋಡಿಯ ಹರಾಜಿನಲ್ಲಿ ಕಿಲೋ ಲೆಕ್ಕದಲ್ಲಿ ಬೆಲೆ ಕೂಗುವ ಆ ಹಸಿರು ಕಾಯಿಯ ಹಿಂದೆ ಇಂಥ ಎಷ್ಟೋ ಬೆನ್ನುಗಳ ನೋವಿದೆ.

ನಮ್ಮ ಬಳಗದ ಬಗ್ಗೆ ಒಂದು ಮಾತು ಹೇಳಬೇಕು. ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ನೆಲೆಸಿ, ಬೀದಿಯಲ್ಲಿ ತಮಿಳು, ಮನೆಯೊಳಗೆ ಕನ್ನಡ ಮಾತಾಡುವ ಒಕ್ಕಲಿಗರು ನಾವು. ಬೆಂಗಳೂರು, ತಿರುಪ್ಪೂರು, ಮಧುರೆ ಎಂದು ಚದುರಿದವರೆಲ್ಲ ಪೊಂಗಲ್‌ಗೆ ಊರಿಗೆ ಬರುತ್ತೇವೆ, ಕಂಬಂನ ನಂದಗೋಪಾಲ ದೇವರ ದನದ ದೊಡ್ಡಿಗೆ ಹೋಗಿ ಕೈಮುಗಿಯುತ್ತೇವೆ. ಅಷ್ಟು ಜನಕ್ಕೆ ಊಟ, ತಿಂಡಿ, ಕಾಫಿ ಮಾಡುವವರು ಊರಿನಲ್ಲಿ ಉಳಿದ ಹೆಂಗಸರು. ಮದುವೆಯಿರಲಿ, ಕುಲದೇವರ ಪೂಜೆಯಿರಲಿ, ಬಂಧುಗಳು ಸೇರಿದಾಗಲೆಲ್ಲ ಅವರ ಕೆಲಸ ದುಪ್ಪಟ್ಟು. ಗಂಡಸರು ಜಗಲಿಯಲ್ಲಿ ಕೂತು ಪಡೆಯುವ ಸಂತೋಷವನ್ನು ಅವರು ಹೊಗೆಯೊಳಗಿಂದ ಕೇಳಿಸಿಕೊಳ್ಳುತ್ತಾರೆ. ಹಬ್ಬ ಮುಗಿದ ಮೇಲೆ ಬೆಟ್ಟದ ರೆಸಾರ್ಟಿಗೆ ಹೋಗಲೇಬೇಕು ಎಂದು ನಾನು ಹಟ ಹಿಡಿದದ್ದು ಈ ಕಾರಣಕ್ಕೆ. ಅಷ್ಟು ದುಡ್ಡು ದಂಡ, ತೋಟದ ಮನೆಯಲ್ಲಿ ಅಡುಗೆ ಮಾಡಿಕೊಂಡರೆ ಸಾಕು ಎಂದ ಚಿಕ್ಕಪ್ಪನಿಗೆ, "ಅಡುಗೆ ಮಾಡೋರು ಯಾರು?" ಎಂದು ಕೇಳಿದೆ. ಚಿಕ್ಕಮ್ಮ ತಲೆ ಎತ್ತಿ ನನ್ನನ್ನು ನೋಡಿದರು.

ದುಡ್ಡಿನ ಮಾತನ್ನು ಹೊರಡುವ ಮೊದಲೇ ಬಗೆಹರಿಸಿಕೊಂಡೆವು. ಬಂಧುಗಳ ಪ್ರವಾಸ ಕೆಡುವುದು ಹೆಚ್ಚಾಗಿ ಇಲ್ಲೇ. ತಲೆಗಿಷ್ಟು ಎಂದು ಸಮನಾಗಿ ಹಂಚುವುದು ನ್ಯಾಯ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ತಿಂಗಳ ಸಂಬಳದವರೂ ಮಳೆ ನಂಬಿದವರೂ ಒಂದೇ ಮೊತ್ತ ಕೊಡಬೇಕೆಂದರೆ ಮಳೆ ನಂಬಿದವರು ಏನಾದರೂ ನೆಪ ಹೇಳಿ ಮನೆಯಲ್ಲೇ ಉಳಿಯುತ್ತಾರೆ. ಹಾಗೆಂದು ಅವರಿಂದ ಏನೂ ಬೇಡ ಎಂದರೂ ಮನಸ್ಸಿಗೆ ಪೆಟ್ಟು. ಕೋಣೆಗಳ ಖರ್ಚನ್ನು ಸಂಬಳದವರು ಹೊತ್ತೆವು. ಜೀಪು, ದಾರಿಯ ಬುತ್ತಿ, ಕಂಬಂನ ಪನ್ನೀರು ದ್ರಾಕ್ಷಿ ಊರಿನವರದಾಯಿತು. ಮುಯ್ಯಿ ಲೆಕ್ಕದ ಪುಸ್ತಕ ಇಡಲಿಲ್ಲ. ಒಂದು ಎಚ್ಚರ ಮಾತ್ರ ಬೇಕು: ದಿನದ ಬಾಡಿಗೆ 7,500 ರೂಪಾಯಿ ದಾಟಿದ ಕೋಣೆಗೆ ಶೇ. 18 ಜಿಎಸ್‌ಟಿ ಬೀಳುತ್ತದೆ. ದರ ಕೇಳುವಾಗ ತೆರಿಗೆ ಸೇರಿಸಿ ಎಷ್ಟು ಎಂದೇ ಕೇಳಬೇಕು.

ಬೋಡಿ ಬಿಟ್ಟು ಮುಂದಲ್ ಚೆಕ್‌ಪೋಸ್ಟ್ ದಾಟಿದರೆ ಘಾಟಿ ಶುರು. ಹದಿನೇಳು ಹೇರ್‌ಪಿನ್ ತಿರುವುಗಳು. ಊರಿನ ಬಿಸಿಲಿನಿಂದ ಸಾವಿರ ಮೀಟರಿನಷ್ಟು ಎತ್ತರಕ್ಕೆ ಸ್ವಲ್ಪ ಹೊತ್ತಿನಲ್ಲೇ ಏರುವುದರಿಂದ ಕಿವಿ ಕಟ್ಟುತ್ತದೆ, ಹೊಟ್ಟೆ ತೊಳೆಸುತ್ತದೆ. ಮಕ್ಕಳನ್ನು ಮುಂದಿನ ಸೀಟಿಗೆ ಹತ್ತಿರ ಕೂರಿಸಿ, ಮೊಬೈಲ್ ಕಸಿದುಕೊಂಡು, ಬೆಳಿಗ್ಗೆ ಇಡ್ಲಿಯಷ್ಟೇ ಕೊಟ್ಟು ಹೊರಟಿದ್ದರಿಂದ ತೊಂದರೆಯಾಗಲಿಲ್ಲ. ಅಕ್ಟೋಬರ್, ನವೆಂಬರಿನ ಹಿಂಗಾರಿನಲ್ಲಿ ಈ ದಾರಿಯಲ್ಲಿ ಮಣ್ಣು, ಬಂಡೆ ಕುಸಿಯುವುದುಂಟು. ಜೂನ್, ಜುಲೈನಲ್ಲಿ ಕೇರಳದ ಮಗ್ಗುಲಿಗೆ ಬಿಡದ ಮಳೆ. ಹಿರಿಯರಿದ್ದರೆ ಜನವರಿ, ಫೆಬ್ರವರಿಯೇ ವಾಸಿ. ಚಳಿ ಮಾತ್ರ ನಿಜಕ್ಕೂ ಕೊರೆಯುತ್ತದೆ. ಕಣಿವೆಯವರ ಮನೆಯಲ್ಲಿ ಸ್ವೆಟರ್ ಇರುವುದಿಲ್ಲ, ಬೆಂಗಳೂರಿನವರು ಹೆಚ್ಚಿಗೆ ಹೊತ್ತು ತರಬೇಕು.

ಬೋಡಿಮೆಟ್ಟಿನಲ್ಲಿ ತಮಿಳುನಾಡು ಮುಗಿಯುತ್ತದೆ. ಅಂಗಡಿಯ ಹಲಗೆಗಳು ಮಲಯಾಳಕ್ಕೆ ತಿರುಗುತ್ತವೆ, ಗಾಳಿಯಲ್ಲಿ ಏಲಕ್ಕಿ ಒಣಗಿಸುವ ಸ್ಟೋರುಗಳ ವಾಸನೆ. ನಾವು ಉಳಿದದ್ದು ಅಲ್ಲಿಂದ ಮುಂದೆ, ಆನೆಯಿರಂಗಲ್ ಜಲಾಶಯದ ಕಡೆ. ಕೋಣೆ ಕಾದಿರಿಸುವಾಗ ಎರಡು ಬೇಡಿಕೆ ಇಟ್ಟಿದ್ದೆವು: ಹಿರಿಯರಿಗೆ ಮೆಟ್ಟಿಲಿಲ್ಲದ ಕೋಣೆ, ಎಲ್ಲರೂ ಕೂರಬಲ್ಲ ಒಂದು ವರಾಂಡ. ಈಜುಕೊಳ, ಸ್ಪಾ ಎಲ್ಲಕ್ಕಿಂತ ಆ ವರಾಂಡವೇ ದೊಡ್ಡ ಸೌಕರ್ಯ. ಅದಿಲ್ಲದ ಕಡೆ ಬಂಧುಗಳು ಕೋಣೆ ಕೋಣೆಗೆ ಹಂಚಿಹೋಗಿ ಟೀವಿ ನೋಡುತ್ತಾರೆ. ಕೋಣೆಗಳನ್ನೂ ಜೋಡಿ ಜೋಡಿಯಾಗಿ ಹಂಚದೆ, ದೊಡ್ಡಮ್ಮ, ಚಿಕ್ಕಮ್ಮ, ಅತ್ತೆ ಮೂವರನ್ನು ಒಂದೇ ಕಡೆ ಹಾಕಿದೆವು. ಅವರು ಒಟ್ಟಿಗೆ ಮಲಗಿ ಮಾತಾಡಿ ಎಷ್ಟು ಕಾಲವಾಗಿತ್ತೋ.

ಊಟದ ಬಫೆಯಲ್ಲಿ ಹಿರಿಯರು ತಡವರಿಸುತ್ತಾರೆ. ಹೆಸರು ಗೊತ್ತಿಲ್ಲದ ಪದಾರ್ಥಗಳ ಮುಂದೆ ತಟ್ಟೆ ಹಿಡಿದು ನಿಲ್ಲುವುದು ಅವರಿಗೆ ಸಂಕೋಚ. ಮಧ್ಯಾಹ್ನವೇ ಅಡುಗೆಯವರ ಹತ್ತಿರ ಹೋಗಿ ರಾತ್ರಿಗೆ ಬಿಸಿ ಅನ್ನ, ರಸಂ, ಹುರುಳಿಕಾಯಿ ಪಲ್ಯ ಇರಲಿ ಎಂದು ಕೇಳಿಕೊಂಡೆವು. ಖುಷಿಯಿಂದಲೇ ಮಾಡಿಕೊಟ್ಟರು. ಅತ್ತೆಗೆ ಬೇರೆಯವರು ಬಡಿಸಿದ ಊಟ ಒಗ್ಗಲು ಒಂದು ಹೊತ್ತು ಹಿಡಿಯಿತು. ಮೊದಲ ರಾತ್ರಿ ಎಲ್ಲರ ತಟ್ಟೆ ಒಟ್ಟು ಮಾಡಲು ಎದ್ದರು. ಚಿಕ್ಕಮ್ಮ ಕೈಹಿಡಿದು ಕೂರಿಸಿದರು.

ಹುಡುಗರಿಗೆ ಕಾಡು ಸುತ್ತುವ ಆಸೆ. ಕೊಳುಕ್ಕುಮಲೆಯ ಚಹಾ ತೋಟ ಏಳು ಸಾವಿರ ಅಡಿಗೂ ಮೇಲಿದೆ. ಅದು ನಮ್ಮ ತೇನಿ ಜಿಲ್ಲೆಗೆ ಸೇರಿದ್ದರೂ ಜೀಪಿನ ದಾರಿ ಕೇರಳದ ಸೂರ್ಯನೆಲ್ಲಿಯಿಂದ. ಬೆಳಗಿನ ಜಾವ ಜೀಪಿನಲ್ಲಿ ಹೋಗಿ ಸೂರ್ಯೋದಯ ನೋಡಿ ಬಂದರು. ಅಲ್ಲಿಂದ ಕುರಂಗಣಿಗೆ ನಡೆದು ಇಳಿಯುತ್ತೇವೆ ಎಂದಾಗ ಮಾತ್ರ ಹಿರಿಯರು ಬಿಡಲಿಲ್ಲ. 2018ರ ಮಾರ್ಚ್ 11ರಂದು ಆ ಇಳಿಜಾರಿನ ಕಾಡ್ಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಸತ್ತರು. ಬೋಡಿಯ ಜನ ಅದನ್ನು ಮರೆತಿಲ್ಲ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ, ಒಣ ಹುಲ್ಲಿನ ಕಾಲದಲ್ಲಿ ಅಲ್ಲಿ ಕಾಲಿಡಬಾರದು. ಆನೆಗಳ ಮಾತೂ ಹಾಗೆಯೇ. ನಾವು ಉಳಿದಿದ್ದ ಕಡೆಯ ಚಿನ್ನಕನಾಲ್ ಅವುಗಳ ಓಡಾಟದ ನೆಲ. 2023ರ ಏಪ್ರಿಲ್‌ನಲ್ಲಿ ಅರಿಕೊಂಬನ್ ಎಂಬ ಆನೆಯನ್ನು ಇಲ್ಲಿಂದ ಹಿಡಿದು ಪೆರಿಯಾರ್ ಕಾಡಿಗೆ ಬಿಟ್ಟರು. ಮೇ ತಿಂಗಳಲ್ಲಿ ಅದು ನಮ್ಮ ಕಂಬಂ ಪೇಟೆಯೊಳಗೇ ನಡೆದು ಬಂತು. ಕತ್ತಲಾದ ಮೇಲೆ ಆವರಣ ದಾಟಬೇಡಿ ಎಂದು ರೆಸಾರ್ಟಿನವರು ಹೇಳಿದ್ದನ್ನು ಅತ್ತೆ ನಮಗೆ ಮತ್ತೆ ಮತ್ತೆ ಹೇಳಿದರು.

ಬೆಳಿಗ್ಗೆ ಅತಿಥಿಗಳಿಗೆ ತೋಟ ತೋರಿಸುವ ಕಾರ್ಯಕ್ರಮವಿತ್ತು. ಕರೆದುಕೊಂಡು ಹೋದ ಹುಡುಗ ಏಲಕ್ಕಿಯ ಬಗ್ಗೆ ಹೇಳುತ್ತಿದ್ದ. ಅತ್ತೆ ಮೆಲ್ಲಗೆ ಗಿಡದ ಬುಡದಲ್ಲಿ ಕೂತು, ಗೊಂಚಲು ಎತ್ತಿ, ಮಕ್ಕಳನ್ನು ಹತ್ತಿರ ಕರೆದರು. ಒಂದು ಕಾಯಿ ಬಿಡಿಸಿ ಒಳಗಿನ ಬೀಜ ತೋರಿಸಿದರು. ಬೀಜ ಕಪ್ಪಾಗಿರಬೇಕು, ಕಾಯಿ ಒಡೆದಿರಬಾರದು, ಎಳೆಯದನ್ನು ಕಿತ್ತರೆ ಒಣಗಿದಾಗ ಸುಕ್ಕಾಗುತ್ತದೆ, ಹಣ್ಣಾಗಲು ಬಿಟ್ಟರೆ ಸಿಪ್ಪೆ ಬಿರಿದು ಬೆಲೆ ಹೋಗುತ್ತದೆ ಎಂದರು. ಆ ಹುಡುಗ ಸುಮ್ಮನೆ ಪಕ್ಕಕ್ಕೆ ಸರಿದು ನಿಂತು ಕೇಳಿದ. ಬೆಂಗಳೂರಿನಲ್ಲಿ ಹುಟ್ಟಿದ ನನ್ನ ಮಗಳು ಆಮೇಲೆ ಅತ್ತೆಯ ಮಗ್ಗುಲು ಬಿಡಲಿಲ್ಲ. ಹಬ್ಬದ ದಿನಗಳಲ್ಲಿ ಅತ್ತೆ ಅವಳಿಗೆ ಸಿಕ್ಕಿದ್ದು ಅಡುಗೆಮನೆಯ ಬಾಗಿಲಲ್ಲಿ ಮಾತ್ರ.

ಐಷಾರಾಮಿ ರೆಸಾರ್ಟು ಬಂಧುಗಳನ್ನು ದೂರ ಮಾಡುತ್ತದೆ ಎಂಬ ಮಾತನ್ನು ತುಂಬ ಕೇಳಿದ್ದೇನೆ. ನಮ್ಮಲ್ಲಿ ಆದದ್ದು ಬೇರೆ. ದುಡಿಯುವ ಕೈಗಳು ಬಿಡುವಾದವು, ಆ ಕೈಗಳವರು ನಮ್ಮ ನಡುವೆ ಬಂದು ಕೂತರು. ದೊಡ್ಡಮ್ಮ ಹಾಡಿದರು. ಚಿಕ್ಕಮ್ಮ ತಾನು ಓದು ಬಿಟ್ಟ ಕಥೆ ಹೇಳಿದರು. ಗಂಡಸರು ಕೇಳುತ್ತ ಕೂತರು. ಕೊಟ್ಟ ದುಡ್ಡಿಗೆ ಇದಕ್ಕಿಂತ ಹೆಚ್ಚೇನೂ ಬೇಕಿರಲಿಲ್ಲ.

ಕಡಲಿಗೋ ಬೆಟ್ಟಕ್ಕೋ ಬಂಧುಗಳ ಜೊತೆ ಹೊರಡುವ ಯೋಚನೆ ನಿಮಗಿದ್ದರೆ, ಮನೆಯಲ್ಲಿ ಅಡುಗೆ ಮಾಡುವವರನ್ನು ಮೊದಲು ಕೇಳಿ. ಅವರು ಹೇಳಿದ ಊರಿಗೇ ಕೋಣೆ ಕಾದಿರಿಸಿ.