ಬಾಗಿಲು ಒಳಗಿನಿಂದ ತೆರೆಯುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಡೊಂಬಿವಲಿಯಿಂದ ಉಡುಪಿಗೆ ಎರ್ಟಿಗಾದಲ್ಲಿ ಹೊರಟಿದ್ದೇವೆ. ಮಧ್ಯದ ಸಾಲಿನ ಎಡಬಾಗಿಲು ಒಳಗಿನಿಂದ ತೆರೆಯುತ್ತಿಲ್ಲ. ಎರಡು ವರ್ಷದ ಮಗಳನ್ನು ಮುಂದೆ ತೊಡೆಯ ಮೇಲೆ ಕೂರಿಸಿಕೊಳ್ಳಬಹುದೇ?

ಉತ್ತರ: ಹೊರಗಿನಿಂದ ತೆರೆಯುತ್ತಿದ್ದರೆ, ಬಹುಶಃ ಚೈಲ್ಡ್ ಲಾಕ್ ಬಿದ್ದಿದೆ. ಬಾಗಿಲಿನ ಅಂಚಿನಲ್ಲಿ, ಬೀಗದ ಪಕ್ಕದ ಪುಟ್ಟ ಲಿವರನ್ನು ಸರಿಸಿ ನೋಡಿ. ಮಗಳು ಆ ಬದಿಗೆ ಕೂರುವುದಾದರೆ ಲಾಕ್ ಹಾಗೆಯೇ ಇರಲಿ.

ತೊಡೆಯ ಮೇಲೆ ಖಂಡಿತ ಬೇಡ. ಏರ್‌ಬ್ಯಾಗ್ ಉಬ್ಬಿದರೆ ಮೊದಲ ಹೊಡೆತ ಮಗುವಿಗೇ. ಮಧ್ಯದ ಸಾಲಿನ ಐಸೋಫಿಕ್ಸ್ ಕೊಂಡಿಗಳಿಗೆ ಮಕ್ಕಳ ಸೀಟು ಸಿಕ್ಕಿಸಿ, ಗಟ್ಟಿಯಾಗಿ ಅಲ್ಲಾಡಿಸಿ ಪರೀಕ್ಷಿಸಿ. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1,000 ರೂಪಾಯಿ ದಂಡವೂ ಇದೆ.

ಲಿವರ್ ಸರಿಸಿದರೂ ಬಾಗಿಲು ತೆರೆಯದಿದ್ದರೆ, ಅಥವಾ ಎಂಜಿನ್ ಶುರುವಾದ ಮೇಲೂ ಏರ್‌ಬ್ಯಾಗ್ ದೀಪ ಆರದಿದ್ದರೆ, ಹೊರಡುವ ಮುನ್ನವೇ ಅಧಿಕೃತ ಸರ್ವಿಸ್ ಸೆಂಟರಿಗೆ ತೋರಿಸಿ.