ಗಾಳಿಯಿಲ್ಲದೆ ಉರಿದ ಬೆಂಕಿ

ಬೆಂಕಿಗೆ ಉರುವಲು, ಉಷ್ಣ, ಆಮ್ಲಜನಕ ಮೂರೂ ಬೇಕೆಂಬುದನ್ನು ನಾವು ಬಲ್ಲೆವು. ಉರಿಯುವ ದೀಪದ ಮೇಲೆ ಪಾತ್ರೆಯನ್ನು ಬೋರಲು ಹಾಕಿದರೆ ಅದು ನಂದುವುದು. ಹಿಂದೆ ಪ್ರಯಾಣಿಕರ ವಿಮಾನಗಳ ಕೆಲವು ಸರಕುಕೋಣೆಗಳನ್ನು ಇದೇ ತತ್ತ್ವದಂತೆ ಗಾಳಿಯಾಡದಂತೆ ರಚಿಸುತ್ತಿದ್ದರು. ಬೆಂಕಿ ತಾನಾಗಿಯೇ ಆರುವುದೆಂದು ನಂಬಿ, ಅಲ್ಲಿ ಹೊಗೆಯ ಸೂಚಕವನ್ನಾಗಲಿ ಬೆಂಕಿ ನಂದಿಸುವ ಸಾಧನವನ್ನಾಗಲಿ ಇಡುತ್ತಿರಲಿಲ್ಲ.

1996ರ ಮೇ 11ರಂದು ಅಮೆರಿಕದ ಮಯಾಮಿಯಿಂದ ಹೊರಟ ವ್ಯಾಲ್ಯೂಜೆಟ್ ವಿಮಾನದಲ್ಲಿ ಈ ನಂಬಿಕೆ ಸುಳ್ಳಾಯಿತು. ಪ್ರಯಾಣಿಕರ ಉಸಿರಾಟಕ್ಕೆ ಆಪತ್ಕಾಲದಲ್ಲಿ ಆಮ್ಲಜನಕವನ್ನು ಒದಗಿಸುವ, ಅವಧಿ ಮೀರಿದ ಡಬ್ಬಿಗಳನ್ನು ಅದರಲ್ಲಿ ಸರಕಾಗಿ ತುಂಬಿದ್ದರು. ಡಬ್ಬಿಯೊಳಗಿನ ಸೋಡಿಯಂ ಕ್ಲೋರೇಟು ವಿಘಟನೆಗೊಂಡಾಗ ಆಮ್ಲಜನಕದೊಡನೆ ಉಷ್ಣವೂ ಹೊರಬರುವುದು. ಡಬ್ಬಿಯ ಮೈ 200 ಡಿಗ್ರಿ ಸೆಂಟಿಗ್ರೇಡಿಗೂ ಮೀರಿ ಕಾಯಬಲ್ಲುದು. ಕ್ರಿಯೆ ಆರಂಭವಾಗದಂತೆ ತಡೆಯುವ ಮುಚ್ಚಳಗಳನ್ನು ಹಾಕಿರಲಿಲ್ಲ. ಸರಕುಪತ್ರದಲ್ಲಿ ‘ಖಾಲಿ’ ಎಂದು ಬರೆದಿತ್ತು. ಉಷ್ಣವೂ ಆಮ್ಲಜನಕವೂ ಡಬ್ಬಿಗಳಿಂದಲೇ ದೊರೆತವು. ಉರುವಲಾಗಿ ರಟ್ಟಿನ ಪೆಟ್ಟಿಗೆಗಳೂ ಟೈರುಗಳೂ ಇದ್ದವು. ಇನ್ನು ಹೊರಗಿನ ಗಾಳಿಯನ್ನು ತಡೆದು ಫಲವೇನು? ಹೊರಟ ಸುಮಾರು ಹತ್ತು ನಿಮಿಷಗಳಲ್ಲಿ ವಿಮಾನವು ಜೌಗುಭೂಮಿಯಲ್ಲಿ ಬಿದ್ದು, ಅದರಲ್ಲಿದ್ದ 110 ಮಂದಿಯೂ ಮಡಿದರು.

ಅನಂತರ ಅಮೆರಿಕವು ಪ್ರಯಾಣಿಕರ ವಿಮಾನಗಳಲ್ಲಿ ಇಂತಹ ಡಬ್ಬಿಗಳ ಸಾಗಣೆಯನ್ನು ನಿಷೇಧಿಸಿತು. ಅಂತಹ ಸರಕುಕೋಣೆಗಳಲ್ಲಿ ಸೂಚಕವನ್ನೂ ಬೆಂಕಿ ನಂದಿಸುವ ಸಾಧನವನ್ನೂ ಕಡ್ಡಾಯಗೊಳಿಸಿತು. ಆದರೆ ಮೊದಲ ರಕ್ಷಣೆ ಸರಕು ಕಟ್ಟುವವನ ಕೈಯಲ್ಲಿಯೇ ಇದೆ. ‘ಖಾಲಿ’ ಎಂದು ಬರೆಯುವ ಮುನ್ನ, ಅದು ನಿಜವಾಗಿಯೂ ಖಾಲಿಯೇ ಎಂಬುದನ್ನು ಅವನು ನೋಡಬೇಕು.