ಕೃಷಿ ಹೊಂಡದಿಂದ ಹನಿ ನೀರಾವರಿಗೆ ಪಂಪು: ಆಯ್ಕೆ ಮತ್ತು ಜೋಡಣೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ನಂದಿ ಬೆಟ್ಟದ ಸುತ್ತಮುತ್ತ ಹುಟ್ಟುವ ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿಗಳಲ್ಲಿ ಮಳೆಗಾಲದ ಹೊರತು ನೀರು ಕಾಣುವುದು ಅಪರೂಪ. ತೆರೆದ ಬಾವಿಗಳು ಬತ್ತಿ, ಅನೇಕ ಕಡೆ ಕೊಳವೆ ಬಾವಿಗಳು ಸಾವಿರ ಅಡಿಯನ್ನೂ ಮೀರಿವೆ. ಅಷ್ಟು ಆಳದಿಂದ ಬರುವ ನೀರು ಹಿಪ್ಪುನೇರಳೆ, ದ್ರಾಕ್ಷಿ, ಟೊಮೆಟೊ ತೋಟಗಳಿಗೆ ನೇರವಾಗಿ ಹಾಯಿಸಲು ಸಾಲದು. ಆದುದರಿಂದ ನೀರನ್ನು ಮೊದಲು ಹೊಂಡದಲ್ಲಿ ಕೂಡಿಟ್ಟು, ಅಲ್ಲಿಂದ ಎರಡನೆಯ ಪಂಪಿನ ಮೂಲಕ ಹನಿ ನೀರಾವರಿಗೆ ಒದಗಿಸುವ ಪದ್ಧತಿ ಬಳಕೆಗೆ ಬಂದಿದೆ. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದ ಇಂತಹ ಹೊಂಡಗಳ ಸಂಖ್ಯೆ ಹೆಚ್ಚಿತು.

ಈ ಎರಡನೆಯ ಪಂಪನ್ನು ಕೊಳ್ಳುವಾಗ ಹೆಚ್ಚಿನ ರೈತರು ಕೇಳುವುದು "ಎಷ್ಟು ಎಚ್.ಪಿ.?" ಎಂದು ಮಾತ್ರ. ಕೇಳಬೇಕಾದುದು ಎರಡು: ಗಂಟೆಗೆ ಎಷ್ಟು ನೀರು ಬೇಕು? ಅದನ್ನು ಎಷ್ಟು ಎತ್ತರಕ್ಕೆ ಸಮನಾದ ಒತ್ತಡದಲ್ಲಿ ಕೊಡಬೇಕು? ಇವೆರಡು ತಿಳಿದರೆ ಅಶ್ವಶಕ್ತಿ ತಾನಾಗಿ ಗೊತ್ತಾಗುತ್ತದೆ. ತಪ್ಪು ಪಂಪಿನಿಂದ ಮೋಟಾರು ಸುಡುವುದು, ಲ್ಯಾಟರಲ್ ಪೈಪು ಕಿತ್ತುಬರುವುದು, ಸಾಲಿನ ಕೊನೆಯ ಗಿಡಗಳು ಒಣಗುವುದು ಸಾಮಾನ್ಯ. ಹುಳು ನಾಲ್ಕನೆಯ ಜ್ವರ ದಾಟಿ ಸೊಪ್ಪಿಗೆ ಬಾಯಿ ಬಿಡುವ ಹೊತ್ತಿನಲ್ಲಿ ಸೊಪ್ಪು ಬಾಡಿದರೆ ಗೂಡಿನ ಬೆಳೆಯೇ ಕೈತಪ್ಪಬಹುದು.

ಮೊದಲು ಕೊಳವೆ ಬಾವಿಯ ನೀರನ್ನು ಅಳೆಯಿರಿ

"ಎರಡು ಇಂಚು ನೀರು" ಎಂಬ ಮಾತು ವಿ-ನಾಚ್ ತಗಡಿನ ಅಳತೆ. ಅದು ಗಂಟೆಗೆ ಸುಮಾರು 2,900 ಲೀಟರಿಗೆ ಸಮ. ಆದರೆ ಬಾವಿ ಕೊರೆದ ದಿನದ ಇಂಚು ಬೇಸಿಗೆಯಲ್ಲಿ ಉಳಿದಿರುವುದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ, ಪಂಪು ಎರಡು ಗಂಟೆ ಓಡಿದ ನಂತರ, 200 ಲೀಟರಿನ ಡ್ರಮ್ಮು ಎಷ್ಟು ನಿಮಿಷದಲ್ಲಿ ತುಂಬುತ್ತದೆಂದು ಗಡಿಯಾರ ಹಿಡಿದು ನೋಡುವುದು ಉತ್ತಮ. ನಾಲ್ಕು ನಿಮಿಷದಲ್ಲಿ ತುಂಬಿದರೆ ಗಂಟೆಗೆ 3,000 ಲೀಟರ್. ದಿನಕ್ಕೆ ಏಳು ಗಂಟೆ ಮೂರು ಫೇಸ್ ವಿದ್ಯುತ್ ಸಿಕ್ಕರೆ 21,000 ಲೀಟರ್.

ಬೇಸಿಗೆಯಲ್ಲಿ ಬೆಳೆಗೆ ದಿನಕ್ಕೆ 5 ಮಿ.ಮೀ. ನೀರು ಬೇಕೆಂದು ಹಿಡಿದರೆ ಎಕರೆಗೆ ಸುಮಾರು 20,000 ಲೀಟರ್ ಆಗುತ್ತದೆ. 100 ಚದರ ಮೀಟರ್ ನೀರಿನ ಹರವಿರುವ ಹೊಂಡದಿಂದ ದಿನಕ್ಕೆ 6 ಮಿ.ಮೀ. ಆವಿಯಾದರೆ 600 ಲೀಟರ್ ನಷ್ಟ. ಅಂದರೆ ಈ ಬಾವಿ ಒಂದು ಎಕರೆಗೆ ಮಾತ್ರ ಸರಿಹೋಗುತ್ತದೆ. ಎರಡನೆಯ ಎಕರೆಗೆ ದೊಡ್ಡ ಪಂಪು ಹಾಕಿದರೆ ಹೊಂಡ ಬೇಗ ಬರಿದಾಗುವುದೇ ಹೊರತು ನೀರು ಹೆಚ್ಚುವುದಿಲ್ಲ.

ಎಷ್ಟು ನೀರು?

ಉದಾಹರಣೆಗೆ, ಶಿಡ್ಲಘಟ್ಟದ ಕಡೆಯ ಒಂದು ಎಕರೆ ಹಿಪ್ಪುನೇರಳೆ ತೋಟವನ್ನು ತೆಗೆದುಕೊಳ್ಳೋಣ. ಜೋಡಿ ಸಾಲು ಪದ್ಧತಿಯಲ್ಲಿ (5+3) x 2 ಅಡಿ ಅಂತರವಿದ್ದು, ಎರಡು ಸಾಲಿಗೆ ಒಂದು ಲ್ಯಾಟರಲ್ ಇದೆ. ತೋಟವನ್ನು ಎರಡು ಭಾಗ ಮಾಡಿದರೆ ಪ್ರತಿ ಭಾಗದಲ್ಲಿ ಸುಮಾರು 820 ಮೀಟರ್ ಲ್ಯಾಟರಲ್ ಬರುತ್ತದೆ. 60 ಸೆಂ.ಮೀ.ಗೆ ಒಂದರಂತೆ, ಗಂಟೆಗೆ 4 ಲೀಟರಿನ ಡ್ರಿಪ್ಪರುಗಳಿದ್ದರೆ, ಒಂದು ಭಾಗಕ್ಕೆ ಗಂಟೆಗೆ ಸುಮಾರು 5,500 ಲೀಟರ್, ಅಂದರೆ ಸೆಕೆಂಡಿಗೆ 1.5 ಲೀಟರ್ ಬೇಕು. ಕೊಳವೆ ಬಾವಿ ಕೊಡುವುದು ಇದರ ಅರ್ಧದಷ್ಟು. ಹೊಂಡ ಮತ್ತು ಎರಡನೆಯ ಪಂಪಿನ ಅಗತ್ಯ ಇದರಿಂದ ಸ್ಪಷ್ಟವಾಗುತ್ತದೆ. ಎರಡು ಭಾಗಗಳಿಗೂ ಸರದಿಯಂತೆ ನೀರು ಕೊಡಲು ಮೂರು ಗಂಟೆ ನಲವತ್ತು ನಿಮಿಷ ಸಾಕು.

ಎಷ್ಟು ಹೆಡ್?

ಪಂಪು ಎದುರಿಸಬೇಕಾದ ಒಟ್ಟು ಎತ್ತರ ಮತ್ತು ಒತ್ತಡಕ್ಕೆ ಹೆಡ್ ಎನ್ನುತ್ತಾರೆ. ಇದನ್ನು ಮೀಟರಿನಲ್ಲಿ ಹೇಳುತ್ತಾರೆ. ಮೇಲಿನ ತೋಟಕ್ಕೆ ಲೆಕ್ಕ ಹೀಗಿದೆ:

ಹೊಂಡದ ಕನಿಷ್ಠ ನೀರಿನ ಮಟ್ಟದಿಂದ ಪಂಪಿಗೆ: 3 ಮೀ.
ಪಂಪಿನಿಂದ ತೋಟದ ಎತ್ತರದ ಜಾಗಕ್ಕೆ: 4 ಮೀ.
100 ಮೀಟರ್ ಉದ್ದದ, 63 ಮಿ.ಮೀ. ಮುಖ್ಯ ಪೈಪಿನಲ್ಲಿ ಘರ್ಷಣೆ: 1 ಮೀ.
ಉಪಪೈಪು, ಬೆಂಡು, ವಾಲ್ವುಗಳಲ್ಲಿ: 2 ಮೀ.
ಮರಳು ಶೋಧಕ ಮತ್ತು ಜಾಲರಿ ಶೋಧಕ: 8 ಮೀ.
ಡ್ರಿಪ್ಪರಿಗೆ ಬೇಕಾದ ಒತ್ತಡ: 10 ಮೀ.
ಒಟ್ಟು: 28 ಮೀ.

ಇದಕ್ಕೆ ನೂರಕ್ಕೆ ಹತ್ತರಷ್ಟು ಸೇರಿಸಿದರೆ ಸುಮಾರು 31 ಮೀಟರ್. ಇಲ್ಲಿ ನೆಲದ ಎತ್ತರ ಏಳು ಮೀಟರ್ ಮಾತ್ರ. ಉಳಿದುದೆಲ್ಲ ಪೈಪು, ಶೋಧಕ ಮತ್ತು ಡ್ರಿಪ್ಪರುಗಳ ಪಾಲು ಎಂಬುದನ್ನು ಗಮನಿಸಬೇಕು. ಹಣ ಉಳಿಸಲು 63ರ ಬದಲು 40 ಮಿ.ಮೀ. ಪೈಪು ಹಾಕಿದರೆ ಇದೇ ನೀರಿಗೆ ಘರ್ಷಣೆಯೊಂದೇ ಐದೂವರೆ ಮೀಟರ್ ಆಗುತ್ತದೆ. ಪೈಪಿನಲ್ಲಿ ಉಳಿಸಿದ ಹಣ ಪ್ರತಿದಿನ ಒತ್ತಡದಲ್ಲಿ ಸೋರಿಹೋಗುತ್ತದೆ.

ಅಶ್ವಶಕ್ತಿ

ಸೆಕೆಂಡಿಗೆ ಬೇಕಾದ ಲೀಟರನ್ನು ಹೆಡ್‌ನಿಂದ ಗುಣಿಸಿ, 75ರಿಂದಲೂ ಪಂಪಿನ ದಕ್ಷತೆಯಿಂದಲೂ ಭಾಗಿಸಬೇಕು. ಸಣ್ಣ ಪಂಪಿನ ದಕ್ಷತೆ ನೂರಕ್ಕೆ 45 ಎಂದಾದರೆ, 1.5 x 31 ÷ (75 x 0.45) = 1.4 ಅಶ್ವಶಕ್ತಿ. ಒಂದೂವರೆ ಎಚ್.ಪಿ. ಸಾಕು; ಹೆಚ್ಚೆಂದರೆ ಎರಡು. ಇಲ್ಲಿ 5 ಎಚ್.ಪಿ. ಪಂಪು ದುಂದು.

ಅಂಗಡಿಯಲ್ಲಿ ಪಂಪಿನ ಫಲಕವನ್ನೂ ಹೆಡ್-ನೀರಿನ ಕೋಷ್ಟಕವನ್ನೂ ಕೇಳಿ ನೋಡಬೇಕು. 31 ಮೀಟರ್ ಹೆಡ್‌ನಲ್ಲಿ 1.5 ಲೀಟರ್ ಕೊಡುವ, ಹಾಗೂ ಆ ಅಂಕಿ ಕೋಷ್ಟಕದ ಮಧ್ಯಭಾಗಕ್ಕೆ ಬೀಳುವ ಪಂಪನ್ನು ಆರಿಸಬೇಕು. 50 ಮೀಟರಿಗೆ ಮಾಡಿದ ಪಂಪು ಕಡಿಮೆ ಹೆಡ್‌ನಲ್ಲಿ ಓಡಿದರೆ ಹೆಚ್ಚು ನೀರು ತಳ್ಳಲು ಹೋಗಿ ಹೆಚ್ಚು ವಿದ್ಯುತ್ ಎಳೆಯುತ್ತದೆ, ಮೋಟಾರು ಕಾಯುತ್ತದೆ. ಐ.ಎಸ್.ಐ. ಗುರುತು ಇರಲೇಬೇಕು. ನಕ್ಷತ್ರ ಗುರುತು ಹೆಚ್ಚಿದ್ದಷ್ಟೂ ವಿದ್ಯುತ್ ಉಳಿತಾಯ.

ಜೋಡಣೆ

1. ಮಾನೋಬ್ಲಾಕ್ ಪಂಪನ್ನು ನೀರಿಗೆ ಆದಷ್ಟು ಹತ್ತಿರ, ಗಟ್ಟಿ ಕಾಂಕ್ರೀಟ್ ಕಟ್ಟೆಯ ಮೇಲೆ ಕೂರಿಸಬೇಕು. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಗಾಳಿಯ ಒತ್ತಡ ಕಡಿಮೆ. ನೀರು ಹೀರುವ ಎತ್ತರ 5 ಮೀಟರ್ ಮೀರದಿರುವುದು ಲೇಸು. ಇದಕ್ಕಿಂತ ಆಳವಿದ್ದರೆ ನೀರಿನೊಳಗೆ ಇಡುವ ಸಬ್‌ಮರ್ಸಿಬಲ್ ಮೇಲು.

2. ಹೀರು ಕೊಳವೆ ಪಂಪಿನ ಬಾಯಿಗಿಂತ ಒಂದು ಅಳತೆ ದಪ್ಪವಿರಲಿ. ಅದು ಪಂಪಿನ ಕಡೆಗೆ ಸ್ವಲ್ಪ ಏರುತ್ತಲೇ ಬರಬೇಕು. ನಡುವೆ ಗೂನು ಬಿದ್ದರೆ ಅಲ್ಲಿ ಗಾಳಿ ನಿಂತು ನೀರು ಕಡಿಯುತ್ತದೆ.

3. ಫುಟ್‌ವಾಲ್ವನ್ನು ಹೊಂಡದ ತಳದ ಹಾಳೆಗೆ ತಾಗಿಸಬಾರದು. ಹೂಳು ಎಳೆಯುತ್ತದೆ, ಹಾಳೆ ಹರಿಯುತ್ತದೆ. ಹೀರು ಕೊಳವೆಯ ಕೊನೆಗೆ ಬಗ್ಗುವ ಹೋಸು ಜೋಡಿಸಿ, ತೇಲುವ ಡ್ರಮ್ಮಿಗೆ ಕಟ್ಟಿ, ನೀರಿನ ಮೇಲ್ಮೈಯಿಂದ ಒಂದೂವರೆ ಅಡಿ ಕೆಳಗೆ ಇಳಿಬಿಡುವುದು ಒಳ್ಳೆಯದು.

4. ಪಂಪಿನ ಮುಂದೆ ಹಿಂತಿರುಗದ ವಾಲ್ವ್, ನಂತರ ಗೇಟ್ ವಾಲ್ವ್ ಇರಲಿ. ತೋಟ ಎತ್ತರದಲ್ಲಿದ್ದರೆ ಪಂಪು ನಿಂತಾಗ ನೀರು ಹಿಂದಕ್ಕೆ ನುಗ್ಗುವುದನ್ನು ಮೊದಲನೆಯದು ತಡೆಯುತ್ತದೆ. ತೋಟ ಹೊಂಡಕ್ಕಿಂತ ತಗ್ಗಿನಲ್ಲಿದ್ದರೆ ತೊಂದರೆ ಬೇರೆ: ಪಂಪು ನಿಂತರೂ ನೀರು ತಾನಾಗಿ ಹರಿಯುತ್ತಲೇ ಇದ್ದು, ಬೆಳಗಾಗುವಷ್ಟರಲ್ಲಿ ಹೊಂಡ ಬರಿದಾಗಬಹುದು. ಇದನ್ನು ಫುಟ್‌ವಾಲ್ವ್ ತಡೆಯುವುದಿಲ್ಲ. ಪಂಪು ನಿಲ್ಲಿಸಿದೊಡನೆ ಗೇಟ್ ವಾಲ್ವ್ ಮುಚ್ಚಬೇಕು.

5. ಹೊಂಡದ ನೀರಿನಲ್ಲಿ ಪಾಚಿ ಬೆಳೆಯುವುದರಿಂದ ಜಾಲರಿ ಶೋಧಕವೊಂದೇ ಸಾಲದು, ಮರಳು ಶೋಧಕವೂ ಬೇಕು. ಶೋಧಕಗಳ ಹಿಂದೆ ಮುಂದೆ ಒತ್ತಡ ಮಾಪಕ ಹಾಕಿ, ವ್ಯತ್ಯಾಸ 0.8 ಕಿ.ಗ್ರಾಂ. ತಲುಪುವ ಮೊದಲೇ ತೊಳೆಯಬೇಕು.

6. ಸ್ಟಾರ್ಟರಿನಲ್ಲಿ ಓವರ್‌ಲೋಡ್ ರಿಲೇ, ಒಂದು ಫೇಸ್ ತಪ್ಪಿದಾಗ ಮೋಟಾರು ನಿಲ್ಲಿಸುವ ಸಾಧನ ಮತ್ತು ನೀರಿಲ್ಲದೆ ಓಡುವುದನ್ನು ತಡೆಯುವ ಸಾಧನ ಅತ್ಯವಶ್ಯಕ. ಭೂಸಂಪರ್ಕ ಸರಿಯಾಗಿರಲಿ. ಎರಡನೆಯ ಮೋಟಾರಿನ ಹೊರೆಯನ್ನು ಬೆಸ್ಕಾಂ ಕಚೇರಿಗೆ ತಿಳಿಸಿ ಮಂಜೂರಾತಿ ಪಡೆಯಬೇಕು.

7. ಹಾಳೆ ಹೊದಿಸಿದ ಹೊಂಡದ ಗೋಡೆ ಬಹಳ ಜಾರುತ್ತದೆ. ಬಿದ್ದವರು ಈಜು ಬಲ್ಲವರಾದರೂ ಮೇಲೆ ಹತ್ತಲಾರರು. ಸುತ್ತ ಬೇಲಿ ಹಾಕಿ, ಗಂಟು ಹಾಕಿದ ಹಗ್ಗಗಳನ್ನು ನಾಲ್ಕೂ ಕಡೆ ಇಳಿಬಿಡಬೇಕು. ಇದಿಲ್ಲದೆ ಪಂಪಿನ ಕೆಲಸ ಆರಂಭಿಸಬಾರದು.

ಪರೀಕ್ಷೆ

ಪಂಪು ಓಡಿಸಿ, ಪಂಪಿಗೆ ಹತ್ತಿರದ ಸಾಲಿನ ಮೊದಲ ಡ್ರಿಪ್ಪರಿನ ಕೆಳಗೂ ದೂರದ ಸಾಲಿನ ಕೊನೆಯ ಡ್ರಿಪ್ಪರಿನ ಕೆಳಗೂ ಒಂದೊಂದು ಪಾತ್ರೆ ಇಡಿ. ಹದಿನೈದು ನಿಮಿಷದಲ್ಲಿ ಎರಡರಲ್ಲೂ ಸುಮಾರು ಒಂದು ಲೀಟರ್ ಸಂಗ್ರಹವಾದರೆ ಆಯ್ಕೆ ಸರಿಯಾಗಿದೆ. ಕೊನೆಯದರಲ್ಲಿ ಬಹಳ ಕಡಿಮೆಯಿದ್ದರೆ ಮೊದಲು ಶೋಧಕ, ಪೈಪು, ಸೋರಿಕೆಗಳನ್ನು ನೋಡಬೇಕು. ಪಂಪು ಬದಲಿಸುವ ಮಾತು ಆಮೇಲೆ.

ನೀರಿನ ಅಳತೆ, ನೆಲದ ಎತ್ತರ ಮತ್ತು ಪೈಪಿನ ಉದ್ದವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ ಹತ್ತಿರದ ರೈತ ಸಂಪರ್ಕ ಕೇಂದ್ರ ಅಥವಾ ಚಿಂತಾಮಣಿ ಬಳಿಯ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಲಹೆ ಪಡೆಯುವುದು ಸುಲಭ. ಪಂಪಿನಂಗಡಿಗೆ ಹೋಗುವಾಗಲೂ ಅದೇ ಹಾಳೆ ಕೈಯಲ್ಲಿರಲಿ.